ಅರಮನೆಯ ಹಸಿದ ಕೂಸು

ಸುರಪುರಕ್ಕೆ ಹೋದವರು ಎರಡು ಕಟ್ಟಡಗಳನ್ನು ನೋಡದೆ ಹಿಂದಿರುಗುವುದಿಲ್ಲ. ಒಂದು, ಗೋಸಲ ವಂಶದ ನಾಯಕ ಅರಸರು ಬಾಳಿದ ಅರಮನೆ. ಮತ್ತೊಂದು, ಗುಡ್ಡದ ಮೇಲೆ ನಿಂತಿರುವ, ಊರವರು ಇಂದಿಗೂ ‘ಟೇಲರ್ ಮಂಜಿಲ್’ ಎಂದು ಕರೆಯುವ ಬಂಗಲೆ. ಅರಮನೆಯಲ್ಲಿ ಒಬ್ಬ ಬಾಲಕ ಬೆಳೆದ. ಬಂಗಲೆಯಲ್ಲಿ ಆ ಬಾಲಕ ‘ಅಪ್ಪಾ’ ಎಂದು ಕರೆಯುತ್ತಿದ್ದ ವ್ಯಕ್ತಿ ವಾಸವಾಗಿದ್ದ. ಆ ವ್ಯಕ್ತಿ ಅವನ ತಂದೆಯಲ್ಲ, ಅವನ ಬಳಗದವನಲ್ಲ, ಅವನ ನಾಡಿನವನೂ ಅಲ್ಲ. ಸಂಬಳಕ್ಕೆ ಬಂದಿದ್ದ ಒಬ್ಬ ಆಂಗ್ಲ ಅಧಿಕಾರಿ.

ಆ ಬಾಲಕನೇ ಮುಂದೆ 1858ರಲ್ಲಿ ಆಂಗ್ಲರ ವಿರುದ್ಧ ಕತ್ತಿ ಹಿರಿದು, ಇಪ್ಪತ್ತನಾಲ್ಕರ ಎಳೆಯ ಪ್ರಾಯದಲ್ಲಿ ಸೆರೆಯಾಳಾಗಿ ಪ್ರಾಣ ತೊರೆದ ರಾಜಾ ವೆಂಕಟಪ್ಪ ನಾಯಕರು. ಅವರ ಹೋರಾಟವನ್ನು ನಮ್ಮ ಭಾಗದ ಜನ ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ. ನೆನೆಯತಕ್ಕದ್ದೇ. ಆದರೆ ಈ ವಾರ ನಾನು ಓದುಗರ ಮುಂದೆ ಇಡಬಯಸುವುದು ಆ ವೀರನ ಕತ್ತಿಯನ್ನಲ್ಲ, ಆತನ ಬಾಲ್ಯವನ್ನು. ಏಕೆಂದರೆ ಅಂಥದೇ ಬಾಲ್ಯವನ್ನು ಕಳೆಯುತ್ತಿರುವ ಮಕ್ಕಳು ಇಂದು ಯಾದಗಿರಿಯಲ್ಲಿದ್ದಾರೆ, ಶಹಾಪುರದಲ್ಲಿದ್ದಾರೆ, ಅದೇ ಸುರಪುರದಲ್ಲಿಯೂ ಇದ್ದಾರೆ. ಅವರಲ್ಲಿ ಕೆಲವರು ಭಾನುವಾರದ ಬಲಿಪೂಜೆಯಲ್ಲಿ ನಮ್ಮ ಪಕ್ಕದ ಬೆಂಚಿನಲ್ಲಿಯೇ ಕುಳಿತಿರುತ್ತಾರೆ.

ವೆಂಕಟಪ್ಪ ನಾಯಕರ ತಂದೆ ರಾಜಾ ಕೃಷ್ಣಪ್ಪ ನಾಯಕರು. ಇವರು 1828ರಲ್ಲಿ ಪಟ್ಟಕ್ಕೆ ಬಂದಾಗ ನಿಜಾಮ ಸರಕಾರ 15 ಲಕ್ಷ ರೂಪಾಯಿಗಳ ನಜರಾನೆಯನ್ನು ಕೇಳಿತು. ಆ ಸಾಲದ ಭಾರದಿಂದ ಸುರಪುರ ಸಂಸ್ಥಾನ ಮತ್ತೆ ತಲೆಯೆತ್ತಲೇ ಇಲ್ಲ. ಮಗನಿಗೆ ಏಳೆಂಟು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ತಾಯಿ ರಾಣಿ ಈಶ್ವರಮ್ಮನವರಿಗೂ ಚಿಕ್ಕಪ್ಪ ಪಿಡ್ಡ ನಾಯಕರಿಗೂ ರಾಜ್ಯಭಾರ ಯಾರ ಕೈಯಲ್ಲಿರಬೇಕೆಂಬುದರ ಬಗೆಗೆ ಕಲಹ ಹುಟ್ಟಿತು. ಅರಮನೆಯೊಳಗೆ ರಾಣಿಯ ಕಡೆಯವರು, ಚಿಕ್ಕಪ್ಪನ ಕಡೆಯವರು ಎಂದು ಎರಡು ಪಂಗಡಗಳಾದವು. ಹುಡುಗನ ಕಡೆಯವರು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಲಿಲ್ಲ.

ಈ ಕಲಹವನ್ನು ಬಗೆಹರಿಸಲೆಂದು 1840ರ ದಶಕದ ಆರಂಭದಲ್ಲಿ ಹೈದರಾಬಾದಿನ ರೆಸಿಡೆಂಟರು ಕಳುಹಿಸಿದ ಅಧಿಕಾರಿಯೇ ಫಿಲಿಪ್ ಮೆಡೋಸ್ ಟೇಲರ್. ಈತನ ಪೂರ್ವಕಥೆಯೂ ಇಲ್ಲಿ ಹೇಳತಕ್ಕದ್ದು. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. ತಂದೆಯ ವ್ಯಾಪಾರ ಕುಸಿದುದರಿಂದ ಎಳೆವೆಯಲ್ಲಿಯೇ ವ್ಯಾಪಾರಿಯೊಬ್ಬನ ಕಚೇರಿಯಲ್ಲಿ ದುಡಿಯತೊಡಗಿದನು. ಹದಿನೈದನೆಯ ವಯಸ್ಸಿಗೆ, 1824ರಲ್ಲಿ, ಮುಂಬಯಿಗೆ ಹಡಗು ಹತ್ತಿದನು. ಅಲ್ಲಿ ದೊಡ್ಡ ವರ್ತಕರ ಸಂಸ್ಥೆಯೊಂದಿದೆ, ಮುಂದೆ ಪಾಲುದಾರನಾಗಬಹುದು ಎಂದು ಮನೆಯವರಿಗೆ ಆಸೆ ತೋರಿಸಲಾಗಿತ್ತು. ಬಂದು ನೋಡಿದರೆ ಅದು ಸಾಲದಲ್ಲಿ ಮುಳುಗಿದ ಒಂದು ಸಾಧಾರಣ ಅಂಗಡಿ! ಬಂಧುವೊಬ್ಬರ ನೆರವಿನಿಂದ ನಿಜಾಮನ ಸೈನ್ಯದಲ್ಲಿ ಕೆಲಸ ದೊರೆತು ಬದುಕಿಕೊಂಡನು. ತಾಯ್ತಂದೆಯರನ್ನು ಬಿಟ್ಟು ಪರಸ್ಥಳದಲ್ಲಿ ಒಂಟಿಯಾದ ಹುಡುಗನ ಸಂಕಟವೇನೆಂಬುದನ್ನು ಈತ ಪುಸ್ತಕ ಓದಿ ತಿಳಿದವನಲ್ಲ.

ಟೇಲರ್ ಸುರಪುರದ ಆಡಳಿತವನ್ನು ಕೈಗೆತ್ತಿಕೊಂಡು 1853ರವರೆಗೆ ಅಲ್ಲಿದ್ದನು. ಸಂಸ್ಥಾನದ ಲೆಕ್ಕಪತ್ರ ಸರಿಪಡಿಸಿದನು, ಕೆರೆಗಳ ಕೆಲಸ ಮಾಡಿಸಿದನು. ಜೊತೆಗೆ ಬಾಲ ಅರಸನ ಓದುಬರಹಕ್ಕೂ ಏರ್ಪಾಡು ಮಾಡಿದನು. ಅರಮನೆಯಿಂದ ಬಂಗಲೆಗೆ ಬಂದು ಹೋಗುತ್ತಿದ್ದ ಹುಡುಗ ಯಾವಾಗ, ಹೇಗೆ ಈತನನ್ನು ‘ಅಪ್ಪಾ’ ಎಂದು ಕರೆಯತೊಡಗಿದನೆಂಬುದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಆ ಮಗುವಿನ ಸುತ್ತ ಮಂತ್ರಿಗಳಿದ್ದರು, ಊಳಿಗದವರಿದ್ದರು, ಕಾವಲಿನ ಬೇಡ ಪಡೆಯಿತ್ತು. ಎಲ್ಲರಿಗೂ ಅವನಿಂದ ಏನೋ ಬೇಕಾಗಿತ್ತು: ಒಬ್ಬರಿಗೆ ಜಹಗೀರು, ಒಬ್ಬರಿಗೆ ಮೊಹರು, ಇನ್ನೊಬ್ಬರಿಗೆ ನಾಳೆಯ ಆಶ್ರಯ. ‘ಇವತ್ತೇನು ಓದಿದಿ?’ ಎಂದು ಕೇಳಿ ಉತ್ತರಕ್ಕೆ ಕಾಯುವವರು ಅವನಿಗೆ ಬೇಕಾಗಿದ್ದರು.

ತಾಯಿಯ ವಿಷಯದಲ್ಲಿ ನಾವು ಎಚ್ಚರದಿಂದ ಮಾತನಾಡಬೇಕು. ಟೇಲರ್ ತನ್ನ ಆತ್ಮಕಥೆಯಲ್ಲಿ ರಾಣಿಯವರನ್ನು ಕುರಿತು ಒಳ್ಳೆಯ ಮಾತುಗಳನ್ನು ಹೆಚ್ಚಾಗಿ ಬರೆದಿಲ್ಲ. ಆದರೆ ಅವನು ರಾಣಿಯವರ ಅಧಿಕಾರವನ್ನು ಕಿತ್ತುಕೊಂಡ ಪಕ್ಷದವನು. ಅವನ ಮಾತನ್ನು ಒಂದೇ ಕಡೆಯ ಸಾಕ್ಷಿಯೆಂದು ತಿಳಿದೇ ಓದಬೇಕು. ಆದರೆ ಅದೇ ಪುಸ್ತಕದಲ್ಲಿ ಅವನು ದಾಖಲಿಸಿರುವ ಒಂದು ಸಂಗತಿ ನನ್ನ ಮನಸ್ಸನ್ನು ಬಿಡದೆ ಕಾಡಿದೆ. ಕೂಸು ಹುಟ್ಟಿದಾಗ ಜಾತಕ ಬರೆದ ಜೋಯಿಸರು, ಈತ ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟುವುದಿಲ್ಲವೆಂದು ಹೇಳಿದ್ದರಂತೆ. ಆ ಗುಟ್ಟು ಅರಮನೆಯಲ್ಲಿ ಕೆಲವರಿಗೆ ಮಾತ್ರ ಗೊತ್ತಿತ್ತು. ರಾಣಿಯವರೇ ಅದನ್ನು ಟೇಲರನಿಗೆ ಹೇಳಿದರು. ಜಾತಕದ ಮಾತು ಸತ್ಯವೋ ಸುಳ್ಳೋ ಎಂಬ ವಾದ ನಮಗೆ ಬೇಡ. ತನ್ನ ಮಗ ಎಳೆಯ ಪ್ರಾಯದಲ್ಲಿಯೇ ಸಾಯುವನೆಂದು ನಂಬಿದ ತಾಯಿಯೊಬ್ಬಳು ಆ ಮಗುವಿನ ಮುಖವನ್ನು ದಿನವೂ ಹೇಗೆ ನೋಡಿಯಾಳು? ಅತಿಯಾಗಿ ಮುದ್ದಿಸುವಳೇ, ಅಥವಾ ನೋವಿಗೆ ಹೆದರಿ ಮನಸ್ಸನ್ನು ದೂರ ಸರಿಸಿಕೊಳ್ಳುವಳೇ? ನಾನು ತೀರ್ಪು ಕೊಡಲಾರೆ. ಪ್ರೀತಿಯನ್ನು ತಡೆಹಿಡಿಯುವ ತಾಯ್ತಂದೆಯರೆಲ್ಲ ಕಲ್ಲೆದೆಯವರಲ್ಲ. ಎಷ್ಟೋ ಸಲ ಅವರದೇ ಒಂದು ಹೆದರಿಕೆ ಅಡ್ಡ ನಿಂತಿರುತ್ತದೆ. ಆದರೆ ದೊಡ್ಡವರ ಮನಸ್ಸಿನ ಈ ಕಾರಣಗಳು ಮಗುವಿಗೆ ಕಾಣಿಸುವುದಿಲ್ಲ. ಅದಕ್ಕೆ ಕಾಣುವುದು ಬೇರೆ ಕಡೆ ತಿರುಗಿದ ಮುಖ ಮಾತ್ರ.

ಇದೆಲ್ಲ ಅರಸೊತ್ತಿಗೆಯ ಕಾಲದ ಕಥೆ, ನಮಗೂ ಅದಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ನಮ್ಮ ಸೀಮೆಯನ್ನು ಒಮ್ಮೆ ಕಣ್ಣು ತೆರೆದು ನೋಡಿರಿ. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಪೂರ್ಣಗೊಂಡು ಎಡದಂಡೆ ಕಾಲುವೆಯಲ್ಲಿ ಕೃಷ್ಣೆ ಹರಿದು ಬಂದ ಮೇಲೆ ಸುರಪುರ, ಶಹಾಪುರಗಳ ಜೋಳ, ಸಜ್ಜೆಯ ಹೊಲಗಳಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ಬಂದವು. ಅಕ್ಕಿ ಗಿರಣಿಗಳು ಎದ್ದವು, ಗೊಬ್ಬರ, ಬೀಜ, ಔಷಧಿಯ ಅಂಗಡಿಗಳು ಎದ್ದವು. ಗುತ್ತಿಗೆದಾರರು ಹುಟ್ಟಿಕೊಂಡರು. 2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾದ ಬಳಿಕ ನಿವೇಶನದ ಬೆಲೆ ಏರಿತು, ಕಚೇರಿಗಳು ಬಂದವು, ಸಂಬಳದವರ ಸಂಖ್ಯೆ ಹೆಚ್ಚಿತು. ತಾತ ಕಂದೀಲಿನ ಬೆಳಕಿನಲ್ಲಿ ಉಂಡ ಮನೆಗಳಲ್ಲಿ ಇಂದು ಮೊಮ್ಮಗನಿಗೆ ಪ್ರತ್ಯೇಕ ಕೋಣೆ, ಅದಕ್ಕೆ ಎ.ಸಿ., ಕೈಗೊಂದು ಮೊಬೈಲು, ಹತ್ತನೆಯ ತರಗತಿ ಮುಗಿಯುವ ಮುನ್ನವೇ ಮೋಟಾರು ಸೈಕಲ್ಲು. ಬಡತನವನ್ನು ಹೊಗಳುವ ಚಟ ನನಗಿಲ್ಲ. ಈ ಬರದ ನಾಡಿಗೆ ನೀರು ಬಂದದ್ದು, ಮಕ್ಕಳು ಹೊಟ್ಟೆತುಂಬ ಉಣ್ಣುವಂತಾದದ್ದು ದೇವರ ವರವೆಂದೇ ತಿಳಿದವನು ನಾನು.

ಆದರೆ ದುಡ್ಡು ಬಂದ ಬಾಗಿಲಿನಿಂದಲೇ ತಂದೆ ಹೊರಗೆ ಹೋದ. ಬೆಳಿಗ್ಗೆ ಮಗು ಏಳುವ ಮುನ್ನ ಗಿರಣಿಗೆ, ರಾತ್ರಿ ಮಗು ಮಲಗಿದ ಮೇಲೆ ಮನೆಗೆ. ತಾಯಿಯೂ ನೌಕರಿಯಲ್ಲಿದ್ದರೆ ಮಗು ಕೆಲಸದ ಬಾಯಿಯ ಮಡಿಲಿನಲ್ಲಿ. ತಾಯಿ ಮನೆಯಲ್ಲಿಯೇ ಇದ್ದರೂ ಅವಳ ಕಣ್ಣು ಧಾರಾವಾಹಿಯಲ್ಲೋ ಮೊಬೈಲಿನಲ್ಲೋ ನೆಟ್ಟಿದ್ದರೆ ಅದೂ ಇಲ್ಲದಂತೆಯೇ. ಐದನೆಯ ತರಗತಿಗೆ ಬರುವಷ್ಟರಲ್ಲಿ ಕಲಬುರಗಿಗೋ ಬೆಂಗಳೂರಿಗೋ ಮಂಗಳೂರಿಗೋ, ಹೆಚ್ಚು ಶುಲ್ಕ ಯಾವುದಕ್ಕೋ ಆ ವಸತಿ ಶಾಲೆಗೆ. ‘ಇಷ್ಟೆಲ್ಲ ಯಾರಿಗಾಗಿ ದುಡಿಯುತ್ತಿದ್ದೇನೆ?’ ಎಂಬುದು ತಂದೆಯ ಪ್ರಶ್ನೆ. ಪ್ರಾಮಾಣಿಕ ಪ್ರಶ್ನೆಯೇ. ಅದಕ್ಕೆ ಉತ್ತರ ಕೊಡಬೇಕಾದ ಮಗು ಮಾತ್ರ ಆ ವೇಳೆಗೆ ಅಲ್ಲಿರುವುದಿಲ್ಲ.

ಕೆಲವು ವರ್ಷ ನಾನು ಮಕ್ಕಳ ವಸತಿಗೃಹವೊಂದರಲ್ಲಿ ಮೇಲ್ವಿಚಾರಕನಿಗೆ ನೆರವಾಗಿ ಕೆಲಸ ಮಾಡಿದವನು. ತಿಂಗಳಿಗೊಮ್ಮೆ ಭೇಟಿಯ ಭಾನುವಾರ. ಬೆಳಿಗ್ಗೆಯಿಂದಲೇ ಹುಡುಗರು ಇಸ್ತ್ರಿ ಅಂಗಿ ತೊಟ್ಟು ಗೇಟಿನ ಬಳಿ ಸುಳಿದಾಡುತ್ತಿದ್ದರು. ಬಸ್ಸಿಳಿದು ಬರುವ ತಾಯಂದಿರ ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ, ಶೇಂಗಾ ಚಟ್ನಿ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ. ಬೇವಿನ ಮರದ ಕೆಳಗೆ ಕುಳಿತು ಮಗನಿಗೆ ಉಣ್ಣಿಸಿ, ತಲೆಗೆ ಎಣ್ಣೆ ಹಚ್ಚಿ, ಸಂಜೆಯ ಬಸ್ಸಿಗೆ ಹೋಗುವರು. ಒಬ್ಬ ಹುಡುಗನಿಗೆ ಮಾತ್ರ ಕಾರು ಬರುತ್ತಿತ್ತು. ಮೊದಲ ಸಲ ಅದು ಬಂದಾಗ ಹುಡುಗರೆಲ್ಲ ಸುತ್ತ ನೆರೆದರು. ಮುಂದಿನ ಬಾಗಿಲು ತೆರೆದು ಚಾಲಕ ಇಳಿದ. ಕೈಯಲ್ಲಿ ಬೇಕರಿಯ ದೊಡ್ಡ ಚೀಲ, ಒಂದು ಲಕೋಟೆ.

‘ಸಾವ್ಕಾರ್ರಿಗೆ ಇವತ್ತ ಪುರಸೊತ್ತಾಗಲಿಲ್ರೀ ಸಣ್ಣ ಧಣೇರ. ಮುಂದಿನ ಸರ್ತಿ ಬರ್ತಾರಂತ್ರೀ.’

ಹುಡುಗ ಚೀಲವನ್ನು ನೋಡಲಿಲ್ಲ. ಅವನು ನೋಡುತ್ತಿದ್ದುದು ಕಾರಿನ ಹಿಂಬಾಗಿಲನ್ನು. ಅದು ತೆರೆಯಬಹುದೆಂದು ಇನ್ನೂ ಕಾಯುತ್ತಿದ್ದ. ಚಾಲಕ ಹೊರಟುಹೋದ ಮೇಲೆ ಚೀಲವನ್ನು ಹುಡುಗರಿಗೆ ಹಂಚಿಬಿಟ್ಟ. ಅವನ ಧಾರಾಳತನವನ್ನು ಎಲ್ಲರೂ ಮೆಚ್ಚಿದರು. ನಾನೂ ಮೆಚ್ಚಿದೆ, ಅರ್ಥವಾಗದೆ. ಮೂರು ನಾಲ್ಕು ಭಾನುವಾರಗಳು ಹೀಗೆಯೇ ಕಳೆದ ಬಳಿಕ ಅವನು ಗೇಟಿನ ಬಳಿ ಬರುವುದನ್ನೇ ಬಿಟ್ಟ. ಕಾರು ಬಂದಿದೆಯೆಂದು ಹೇಳಿ ಕಳುಹಿಸಿದರೆ, ‘ಅಲ್ಲೇ ಇಟ್ಟು ಹೋಗಲಿಕ್ಕೆ ಹೇಳ್ರೀ ಸರ್’ ಎನ್ನುತ್ತಿದ್ದ. ಆ ಮಾತನ್ನು ಅವನು ಹೇಳುತ್ತಿದ್ದ ರೀತಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

ಸಿರಿವಂತರ ಮನೆಯಲ್ಲಿ ಮಗು ಹೀಗೆ ಬೆಳೆಯುವುದು ಹೊಸತೇನಲ್ಲ. ಕವಿ ರವೀಂದ್ರನಾಥ ಠಾಕೂರರ ಬಾಲ್ಯವನ್ನೇ ನೆನೆಯಿರಿ. ಕಲಕತ್ತೆಯ ಜೋಡಾಸಾಂಕೋದ ಆ ಮಹಾಮನೆಯಲ್ಲಿ ಏನಿಗೆ ಕೊರತೆಯಿತ್ತು? ತಂದೆ ದೇವೇಂದ್ರನಾಥರು ಹೆಚ್ಚಿನ ಕಾಲ ಹಿಮಾಲಯದ ಪ್ರವಾಸದಲ್ಲಿ. ತುಂಬು ಮನೆಯಲ್ಲಿ ಕಿರಿಯ ಮಗ ಬೆಳೆದದ್ದು ಆಳುಗಳ ಕೈಯಲ್ಲಿ. ಶ್ಯಾಮನೆಂಬ ಆಳು ಹುಡುಗನನ್ನು ಒಂದೆಡೆ ಕೂರಿಸಿ, ಸುತ್ತ ಸೀಮೆಸುಣ್ಣದಿಂದ ಗೆರೆಯೆಳೆದು, ಇದನ್ನು ದಾಟಿದರೆ ಅನಾಹುತವೆಂದು ಹೆದರಿಸಿ ತನ್ನ ಕೆಲಸಕ್ಕೆ ಹೋಗಿಬಿಡುತ್ತಿದ್ದ. ಸೀತೆಯ ಕಥೆ ಕೇಳಿದ್ದ ಹುಡುಗ ಆ ಗೆರೆಯನ್ನು ದಾಟದೆ ಕಿಟಕಿಯಿಂದ ಕೊಳವನ್ನೂ ಆಲದ ಮರವನ್ನೂ ನೋಡುತ್ತ ದಿನ ಕಳೆಯುತ್ತಿದ್ದ. ಇಂದಿನ ಕಾಲಕ್ಕೆ ಸೀಮೆಸುಣ್ಣ ಬೇಕಿಲ್ಲ. ಕೈಗೆ ಮೊಬೈಲು ಕೊಟ್ಟರೆ ಸಾಕು, ಮಗು ತಾನಾಗಿ ಗೆರೆಯೊಳಗೆ ಕುಳಿತುಕೊಳ್ಳುತ್ತದೆ.

ಆದರೆ 1873ರಲ್ಲಿ, ಹುಡುಗನಿಗೆ ಹನ್ನೊಂದು ವರ್ಷವಾಗಿದ್ದಾಗ, ಉಪನಯನದ ಬಳಿಕ ತಂದೆ ಅವನನ್ನು ತನ್ನೊಡನೆ ಕರೆದುಕೊಂಡು ಹೊರಟರು. ಮೊದಲು ಬೋಲಪುರ, ಅನಂತರ ಅಮೃತಸರ, ಅಲ್ಲಿಂದ ಡಾಲ್‌ಹೌಸಿಯ ಬೆಟ್ಟಗಳು. ದಾರಿಯ ಖರ್ಚಿನ ಸಣ್ಣ ಹಣದ ಪೆಟ್ಟಿಗೆಯನ್ನು ಹುಡುಗನ ವಶಕ್ಕೆ ಕೊಟ್ಟರು. ತಮ್ಮ ಚಿನ್ನದ ಗಡಿಯಾರಕ್ಕೆ ದಿನವೂ ಕೀಲಿ ಕೊಡುವ ಕೆಲಸವನ್ನು ಅವನಿಗೆ ವಹಿಸಿದರು. ಉತ್ಸಾಹದಲ್ಲಿ ಅವನು ಅತಿಯಾಗಿ ಕೀಲಿ ಕೊಟ್ಟು ಅದು ದುರಸ್ತಿಗೆ ಹೋಯಿತಂತೆ! ಸಂಜೆ ಬಂಗಲೆಯ ಹೊರಗೆ ಕುಳಿತು ನಕ್ಷತ್ರಗಳನ್ನು ಗುರುತಿಸಲು ಕಲಿಸಿದರು. ಬೆಟ್ಟದಲ್ಲಿ ಒಬ್ಬನೇ ಅಲೆಯಲು ಬಿಟ್ಟರು. ಇದೆಲ್ಲ ಕೆಲವೇ ತಿಂಗಳುಗಳ ಮಾತು. ಅಷ್ಟು ವರ್ಷಗಳ ಆಳುಗಳ ಆಳ್ವಿಕೆಯ ನಡುವೆ ಆ ಕೆಲವು ತಿಂಗಳು ಅವರ ನೆನಪಿನಲ್ಲಿ ಹೇಗೆ ಬೆಳಗಿತೆಂಬುದು ಅವರ ‘ಜೀವನಸ್ಮೃತಿ’ಯನ್ನು ಓದಿದವರಿಗೆ ಗೊತ್ತು. ಇಲ್ಲಿ ತಂದೆ ಕೊಟ್ಟ ವಸ್ತುವಿನ ಬೆಲೆ ಏನೂ ಇಲ್ಲ. ಗಡಿಯಾರ ಅವರದಾಗಿಯೇ ಉಳಿಯಿತು. ಕೊಟ್ಟದ್ದು ನಂಬಿಕೆ, ಪಕ್ಕದಲ್ಲೊಂದು ಜಾಗ.

ಇನ್ನು ಶಾಸ್ತ್ರಜ್ಞರ ಮಾತು. ಸುನಿಯಾ ಲೂಥರ್ ಎಂಬ ಭಾರತೀಯ ಮೂಲದ ಮನಶ್ಶಾಸ್ತ್ರಜ್ಞೆ 1990ರ ದಶಕದಲ್ಲಿ ಅಮೆರಿಕದ ಬಡ ಬಡಾವಣೆಗಳ ಹದಿಹರೆಯದವರನ್ನು ಅಧ್ಯಯನ ಮಾಡುತ್ತಿದ್ದರು. ಹೋಲಿಕೆಗೆಂದು ಶ್ರೀಮಂತ ಉಪನಗರದ ಮಕ್ಕಳನ್ನೂ ತೆಗೆದುಕೊಂಡರು. ತೊಂದರೆಯೆಲ್ಲ ಬಡವರ ಮಕ್ಕಳಲ್ಲಿಯೇ ಇರುವುದೆಂದು ಎಲ್ಲರ ಎಣಿಕೆ. ಲೆಕ್ಕ ನೋಡಿದಾಗ ಮದ್ಯ, ಮಾದಕ ಪದಾರ್ಥಗಳ ಬಳಕೆ ಶ್ರೀಮಂತರ ಮಕ್ಕಳಲ್ಲಿಯೇ ಹೆಚ್ಚಾಗಿತ್ತು. ಕಳವಳ, ಮನೋವ್ಯಥೆಗಳೂ ಅವರಲ್ಲಿ ಕಡಿಮೆಯಿರಲಿಲ್ಲ. ಕಾರಣಗಳನ್ನು ಹುಡುಕುತ್ತ ಹೋದಾಗ ಅವರಿಗೆ ಮುಖ್ಯವಾಗಿ ಕಂಡವು ಎರಡು: ಮೊದಲಿಗನಾಗಲೇಬೇಕೆಂಬ ಮಿತಿಮೀರಿದ ಒತ್ತಾಯ, ಮತ್ತು ತಾಯ್ತಂದೆಯರಿಂದ ದೂರವಾದ ಒಂಟಿತನ. ಹೆಚ್ಚಿನ ರಾತ್ರಿಗಳಲ್ಲಿ ತಾಯಿಯೊಡನೆಯೋ ತಂದೆಯೊಡನೆಯೋ ಕುಳಿತು ಉಣ್ಣುವ ಮಕ್ಕಳ ಸ್ಥಿತಿ ಉಳಿದವರಿಗಿಂತ ಉತ್ತಮವಾಗಿತ್ತೆಂಬುದನ್ನೂ ಮುಂದಿನ ಅಧ್ಯಯನಗಳಲ್ಲಿ ಅವರು ಕಂಡರು. ಉಣ್ಣುವುದಕ್ಕೆ ಹಣ ಬೇಕು, ಒಪ್ಪಿದೆ. ಆದರೆ ಒಟ್ಟಿಗೆ ಕುಳಿತು ಉಣ್ಣುವುದಕ್ಕೆ ಬೇರೆ ಹಣ ಬೇಡ.

ಇಲ್ಲಿ ನಮ್ಮ ಸೀಮೆಯ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಕಾಲುವೆ ಮುಟ್ಟದ ಹಳ್ಳಿಗಳಿಂದ, ತಾಂಡಾಗಳಿಂದ ಪ್ರತಿ ವರ್ಷ ಕುಟುಂಬಗಳು ಬೆಂಗಳೂರಿಗೆ, ಮುಂಬಯಿಗೆ ದುಡಿಯಲು ಗುಳೆ ಹೋಗುತ್ತವೆ. ಕೂಸುಗಳನ್ನು ಮುತ್ಯಾ, ಆಯಿಯರ ಬಳಿ ಬಿಟ್ಟು ಹೋಗುತ್ತಾರೆ. ಆ ಮಕ್ಕಳಿಗೂ ತಾಯ್ತಂದೆಯರು ಹತ್ತಿರವಿಲ್ಲ. ಅವರ ಕಷ್ಟ ದೊಡ್ಡದು, ಅದನ್ನು ಸಿರಿವಂತರ ಮಕ್ಕಳ ಕಷ್ಟದೊಡನೆ ತೂಗಲು ನನಗೆ ಮನಸ್ಸಿಲ್ಲ. ಆದರೂ ಒಂದು ವ್ಯತ್ಯಾಸ ಕಾಣುತ್ತದೆ. ಗುಳೆ ಹೋದವಳ ಮಗುವಿಗೆ ‘ನಿಮ್ಮವ್ವ ಎಲ್ಲಿ?’ ಎಂದು ಕೇಳಿರಿ. ‘ಬೆಂಗಳೂರಿಗೆ ದುಡಿಲಾಕ ಹೋಗ್ಯಾಳ, ಜಾತ್ರಿಗೆ ಬರ್ತಾಳ’ ಎನ್ನುತ್ತದೆ. ಅದಕ್ಕೆ ಕಾರಣ ಗೊತ್ತು, ಬರುವ ದಿನ ಗೊತ್ತು. ಒಂದೇ ಸೂರಿನ ಕೆಳಗಿದ್ದೂ ಸಿಗದ ತಂದೆಯ ವಿಷಯದಲ್ಲಿ ಮಗು ಯಾವ ಕಾರಣ ಹೇಳಿಕೊಳ್ಳಬೇಕು? ಅನ್ನಕ್ಕಾಗಿ ಹೋಗಿದ್ದಾನೆ ಎನ್ನುವಂತಿಲ್ಲ, ಮನೆಯಲ್ಲಿ ಅನ್ನ ಹಳಸುತ್ತಿದೆ. ಉಳಿಯುವುದು ಒಂದೇ ಉತ್ತರ: ನಾನು ಬೇಡವಾಗಿದ್ದೇನೆ. ಮಕ್ಕಳು ಈ ಉತ್ತರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಎದೆಯೊಳಗೆ ಬರೆದುಕೊಳ್ಳುತ್ತಾರೆ.

ನಮಗೆಲ್ಲ ಪರಿಚಿತರಾದ ಸಂತ ಜಾನ್ ಬೋಸ್ಕೊ ಎರಡು ವರ್ಷದವರಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡವರು. ಸುರಪುರದ ಬಾಲ ಅರಸನು ಅರಮನೆಯಿಂದ ಬಂಗಲೆಗೆ ಓಡಾಡುತ್ತಿದ್ದ ವರ್ಷಗಳಲ್ಲಿಯೇ, 1846ರಲ್ಲಿ, ಅವರು ತಮ್ಮ ತಾಯಿ ಮಾರ್ಗರಿತಳನ್ನು ಹಳ್ಳಿಯಿಂದ ಕರೆತಂದು ತುರಿನ್ ನಗರದ ಬೀದಿ ಹುಡುಗರಿಗೆ ಮನೆಯನ್ನು ತೆರೆದರು. ಆ ಮನೆಯಲ್ಲಿ ದುಡ್ಡಿರಲಿಲ್ಲ, ತಾಯಿಯಿದ್ದಳು. 1884ರಲ್ಲಿ, ಮುದಿ ವಯಸ್ಸಿನಲ್ಲಿ, ರೋಮಿನಿಂದ ತಮ್ಮ ಸಂಸ್ಥೆಯವರಿಗೆ ಅವರು ಬರೆದ ಕಾಗದ ಪ್ರಸಿದ್ಧವಾದುದು. ಸಂಸ್ಥೆ ಬೆಳೆದಿತ್ತು, ಕಟ್ಟಡಗಳಾಗಿದ್ದವು, ಹುಡುಗರಿಗೆ ಊಟ, ಪಾಠ ಎಲ್ಲವೂ ಇತ್ತು. ಆದರೂ ಹುಡುಗರ ಮುಖದಲ್ಲಿ ಹಿಂದಿನ ನಗುವಿಲ್ಲ. ಏಕೆಂದರೆ ಹಿರಿಯರು ಈಗ ಆಟದ ಬಯಲಿನಲ್ಲಿ ಹುಡುಗರೊಡನೆ ಇರುವುದಿಲ್ಲ, ದೂರ ನಿಂತು ನೋಡಿಕೊಳ್ಳುತ್ತಾರೆ. ಮಕ್ಕಳನ್ನು ಪ್ರೀತಿಸಿದರಷ್ಟೇ ಸಾಲದು, ತಾವು ಪ್ರೀತಿಸಲ್ಪಡುತ್ತಿದ್ದೇವೆ ಎಂಬುದು ಆ ಮಕ್ಕಳಿಗೆ ಗೊತ್ತಾಗಬೇಕು ಎಂಬುದು ಆ ಕಾಗದದ ಸಾರ. ತಮಗಿಷ್ಟವಾದ ಆಟದಲ್ಲಿ ನಾವು ಭಾಗವಹಿಸಿದಾಗಲೇ ಅವರಿಗೆ ಅದು ತಿಳಿಯುವುದೆಂದು ಅವರು ಕಂಡುಕೊಂಡಿದ್ದರು. ಅಕ್ಕಿ ಗಿರಣಿಯ ಯಜಮಾನರು ಮಗನೊಡನೆ ಗೋಲಿಯಾಡಬೇಕೆ ಎಂದು ನಗಬೇಡಿರಿ. ಆಡಿ ನೋಡಿರಿ.

ಹಾಸ್ಟೆಲುಗಳೆಲ್ಲ ಕೆಟ್ಟವೆಂದು ನಾನು ಹೇಳುತ್ತಿಲ್ಲ. ಗುರುಗಳೂ ಧರ್ಮಭಗಿನಿಯರೂ ನಡೆಸುವ ಎಷ್ಟೋ ವಸತಿಗೃಹಗಳು ನಮ್ಮ ಮಕ್ಕಳಿಗೆ ಬದುಕು ಕೊಟ್ಟಿವೆ. ಒಳ್ಳೆಯ ಶಿಕ್ಷಕನೊಬ್ಬ, ಅಜ್ಜಿಯೊಬ್ಬಳು, ಸೋದರಮಾವನೊಬ್ಬ ತಾಯ್ತಂದೆಯರ ಕೊರತೆಯನ್ನು ತುಂಬಿದ ಉದಾಹರಣೆಗಳಿವೆ. ಟೇಲರನೂ ಸ್ವಲ್ಪ ಕಾಲ ಅದನ್ನೇ ಮಾಡಿದ. ಆದರೆ ಕೂಲಿಗೆ ಪಡೆದ ತಂದೆತನಕ್ಕೆ ಒಂದು ಅವಧಿಯಿರುತ್ತದೆ. ಹುದ್ದೆ ಮುಗಿದ ದಿನ ಅದೂ ಮುಗಿಯುತ್ತದೆ.

ಸುರಪುರದಲ್ಲಿ ಆ ದಿನ ಬಂದದ್ದು 1853ರಲ್ಲಿ. ಅರಸನಿಗೆ ಹತ್ತೊಂಬತ್ತರ ಆಸುಪಾಸು. ಸಂಸ್ಥಾನವನ್ನು ಅವನ ಕೈಗೊಪ್ಪಿಸಿ ಟೇಲರ್ ನಳದುರ್ಗದ ಅಧಿಕಾರಕ್ಕೆ ಹೊರಟುಹೋದನು. ನಡುವಿನಲ್ಲಿ ಒಬ್ಬನೇ ನಿಂತವನು ಪ್ರಾಯದ ಹುಡುಗ: ಕೈಯಲ್ಲಿ ಖಜಾನೆ, ಸುತ್ತ ಹೊಗಳುವ ನಾಲಿಗೆಗಳು, ‘ಬೇಡ’ ಎಂದು ಹೇಳುವ ಹಕ್ಕುಳ್ಳವರು ಒಬ್ಬರೂ ಇಲ್ಲ. ಖರ್ಚು ಮಿತಿಮೀರಿತು, ಸಾಲ ಮತ್ತೆ ಬೆಳೆಯಿತು. ದೇಶದಲ್ಲೆಲ್ಲ 1857ರ ಬಿರುಗಾಳಿ ಎದ್ದಿತು. ಆಂಗ್ಲರ ಆಳ್ವಿಕೆಯನ್ನು ಧಿಕ್ಕರಿಸಿ ನಿಂತದ್ದರಲ್ಲಿ ಆತನ ಸ್ವಾಭಿಮಾನವಿತ್ತು, ಬೇಡ ಪಡೆಯ ಕೆಚ್ಚಿತ್ತು. ಅದನ್ನು ಅನಾಥ ಬಾಲ್ಯದ ಫಲವೆಂದು ಸಣ್ಣದು ಮಾಡುವುದು ಚರಿತ್ರೆಗೆ ಬಗೆಯುವ ಅನ್ಯಾಯ. ಆದರೆ ಅಂಥ ನಿರ್ಧಾರದ ರಾತ್ರಿಗಳಲ್ಲಿ ಎದುರು ಕುಳಿತು, ಗೆಲುವು ಸೋಲುಗಳನ್ನು ಲೆಕ್ಕಹಾಕಿ ಹೇಳುವ ಹಿರಿಯನೊಬ್ಬ ಆತನಿಗಿರಲಿಲ್ಲ ಎಂಬುದೂ ಚರಿತ್ರೆಯೇ.

1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ಕಾಳಗ ನಡೆಯಿತು. ಆಂಗ್ಲರ ಹೆಚ್ಚಿನ ಸೈನ್ಯ ಬಂದುದರಿಂದ ಅರಸ ಹೈದರಾಬಾದಿನ ಕಡೆಗೆ ಹೊರಟುಹೋಗಿ ಅಲ್ಲಿ ಸೆರೆಯಾದನು. ಮರಣದಂಡನೆ ವಿಧಿಸಲಾಯಿತು. ಮುಂದೆ ಅದು ಇಳಿಯುತ್ತ ಇಳಿಯುತ್ತ, ಮದರಾಸಿನ ಸಮೀಪದ ಚೆಂಗಲಪಟ್ಟು ಕೋಟೆಯಲ್ಲಿ ನಾಲ್ಕು ವರ್ಷಗಳ ಬಂಧನಕ್ಕೆ ಬಂದು ನಿಂತಿತು. ಅಲ್ಲಿಗೆ ಕರೆದೊಯ್ಯುವ ದಾರಿಯಲ್ಲಿ, ಹೈದರಾಬಾದಿನಿಂದ ಹೊರಟ ಮೊದಲ ಪಯಣದಲ್ಲಿಯೇ, ಡೇರೆಯೊಳಗೆ ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡು ತಗುಲಿ ಅವರ ಪ್ರಾಣ ಹೋಯಿತು. ತಾವೇ ಹಾರಿಸಿಕೊಂಡರೋ, ಆಕಸ್ಮಿಕವೋ ಎಂಬ ಬಗೆಗೆ ಬೇರೆ ಬೇರೆ ಮಾತುಗಳಿವೆ.

ಅದಕ್ಕೂ ಮುನ್ನ, ಅವರು ಸೆರೆಮನೆಯಲ್ಲಿದ್ದಾಗ, ಟೇಲರ್ ನೋಡಲು ಹೋದನು. ಐದು ವರ್ಷಗಳ ಬಳಿಕ ಇಬ್ಬರ ಭೇಟಿ. ಒಬ್ಬನು ಈಗ ಆಳುವ ಸರಕಾರದ ಅಧಿಕಾರಿ, ಇನ್ನೊಬ್ಬನು ಆ ಸರಕಾರದ ವಿರುದ್ಧ ಯುದ್ಧ ಮಾಡಿದ ಕೈದಿ. ಬಾಗಿಲು ತೆರೆದಾಗ ಕೈದಿ ಓಡಿಬಂದು ಅವನನ್ನು ಅಪ್ಪಿಕೊಂಡು ಅತ್ತನು. ಸಾವಿಗೆ ಅಂಜುವುದಿಲ್ಲ, ಕಳ್ಳನಂತೆ ನೇಣಿಗೆ ಹಾಕುವುದು ಮಾತ್ರ ಬೇಡ, ತೋಪಿನ ಬಾಯಿಗೆ ಕಟ್ಟಲಿ ಎಂದು ಹೇಳಿದನು. ಜೊತೆಗಾರರ ಹೆಸರು ಹೇಳೆಂದರೆ, ನಂಬಿದವರಿಗೆ ದ್ರೋಹ ಮಾಡಲಾರೆನೆಂದು ನಿರಾಕರಿಸಿದನು. ಎಳೆವೆಯಲ್ಲಿ ಯಾರೂ ತನ್ನ ಪಕ್ಷ ವಹಿಸದ ಹುಡುಗ, ತನ್ನನ್ನು ನಂಬಿದವರ ಪಕ್ಷವನ್ನು ಕೊನೆಯವರೆಗೆ ಬಿಡಲಿಲ್ಲ.

ಟೇಲರ್ 1876ರಲ್ಲಿ ಫ್ರಾನ್ಸಿನ ಮಾಂತೋನಿನಲ್ಲಿ ತೀರಿಕೊಂಡನು. ಕೊನೆಯ ವರ್ಷಗಳಲ್ಲಿ ಅವನ ಕಣ್ಣು ಮಂಜಾಗಿತ್ತು. ಅವನು ಬರೆದಿಟ್ಟ ಆತ್ಮಕಥೆಯನ್ನು ಮಗಳು ಆಲಿಸ್ 1877ರಲ್ಲಿ ಪ್ರಕಟಿಸಿದಳು. ಇಂಗ್ಲಿಷಿನಲ್ಲಿರುವ ಆ ಪುಸ್ತಕದಲ್ಲಿ, ಸೆರೆಮನೆಯ ಆ ಭೇಟಿಯನ್ನು ವರ್ಣಿಸುವ ಕಡೆ, ತನ್ನ ಭಾಷೆಗೆ ತರಲು ಮನಸ್ಸಾಗದೆಯೋ ಏನೋ, ಹುಡುಗ ಕರೆದ ಒಂದು ಪದವನ್ನು ಆತ ಹಾಗೆಯೇ ಉಳಿಸಿಕೊಂಡಿದ್ದಾನೆ: ಅಪ್ಪಾ.